ಗೆಣಸಿನ ಬೆಲ್ಟು

ನಮ್ರತಾ ಕಾರು ಹತ್ತಿ ಕೂತವಳೇ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಿದ್ದು ಶಶಿಕಾಂತನಿಗೆ ಸರಿಬರಲಿಲ್ಲ. ಫೋನು ಇರುವುದೇ ನೋಡುವುದಕ್ಕೆ. ಅದನ್ನು ಮಗುಚಿಡುತ್ತಾರೆಂದರೆ ಪಕ್ಕದವರು ನೋಡಬಾರದ್ದು ಏನೋ ಅದರಲ್ಲಿದೆ ಎಂದು ತಾನೆ ಅರ್ಥ? ರೆಕಾರ್ಡಿಂಗ್ ಹಾಕಿದ್ದಾಳೆಯೇ? ಛೆ, ಇರಲಾರದು ಅಂದುಕೊಂಡ. ಇರಲಾರದು ಅಂದುಕೊಂಡ ಮೇಲೂ ಬಾಯಿಗೆ ಬಂದಿದ್ದ ಮಾತೊಂದನ್ನು ನುಂಗಿಕೊಂಡು, ಮಾರಿಸ್‌ವಿಲ್ಲಿನ ಆಫೀಸಿನ ಪಾರ್ಕಿಂಗ್ ದಾಟಿ ಹೈವೇ ಸೇರುವವರೆಗೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದ. ಅಕ್ಟೋಬರಿನ ಬಿಸಿಲು ಚೆನ್ನಾಗಿತ್ತು. ಅವಳು ಹೌದು ಸರ್, ಚೆನ್ನಾಗಿದೆ ಅಂದಳು. ಅಷ್ಟು ಚುಟುಕಾಗಿ ಯಾಕೆ ಅಂದಳು? ಬೆನ್ಸನ್ ಆಚೆಗಿನ ಒಂದು ಪ್ಲಾಂಟಿಗೆ ಹೋಗಿ, ಕೆಟ್ಟು ನಿಲ್ಲುವ ಒಂದು ಪೆಟ್ಟಿಗೆ ನೋಡಿಕೊಂಡು ಬರುವುದಕ್ಕೆ ಇಬ್ಬರು ಬೇಕೇ? ಯಾವತ್ತಾದರೂ ಈ ಕಂಪನಿಯಲ್ಲಿ ಇಬ್ಬರು ಹೋದದ್ದುಂಟೇ? ಮಾಲೀಕರಾದ ಕೃಷ್ಣಪ್ರಸಾದರು, ಆಫೀಸಿನವರಿಗೆಲ್ಲ ಕೆಪಿ ಸರ್, ಅಟ್ಲಾಂಟಾದಿಂದ ಫೋನ್ ಮಾಡಿ, "ನಮ್ರತಾನೂ ಕರ್ಕೊಂಡು ಹೋಗಯ್ಯ," ಅಂದಿದ್ದರು. ಯಾಕೆ ಸರ್ ಅಂದರೆ, "ಇರ್ಲಿ ಬಿಡು," ಅಂದಿದ್ದರು. ಇರ್ಲಿ ಬಿಡು ಎಂಬ ಮಾತು ಅವನ ಹೊಟ್ಟೆಯಲ್ಲಿ ನಿನ್ನೆಯಿಂದ ಅರಗದೆ ಕೂತಿತ್ತು. ಮೊನ್ನೆ ಅವನು ಆಫೀಸಿನ ಅಡುಗೆಮನೆಗೆ ಕಾಫಿಗೆ ಹೋದಾಗ ಇವಳು ಕಿಟಕಿಯ ಹತ್ತಿರ ನಿಂತು ಕನ್ನಡದಲ್ಲಿ ಫೋನಿನಲ್ಲಿದ್ದಳು. ಅವನನ್ನು ಕಂಡು, "ಆಮೇಲೆ ಮಾಡ್ತೀನಿ ಸರ್," ಎಂದು ಇಟ್ಟುಬಿಟ್ಟಳು. ಆ ಕಡೆಯ ಸರ್ ಯಾರು? ಕೇಳಬೇಕೇ!

ಅನುಮಾನ ಪಡುವುದು ಅವನ ಕಸುಬು. ಹಾಗಂತ ಅವನೇ ಹೊಸಬರಿಗೆ ಹೇಳಿಕೊಡುತ್ತಿದ್ದ. ಕಾರ್ಖಾನೆಗಳ ಮೋಟಾರುಗಳಿಗೆ ಹೊಂದುವ ಡ್ರೈವುಗಳನ್ನು ಆರಿಸಿ ಕೊಡುವ ಕಂಪನಿ ಅವರದು. ಡ್ರೈವ್ ಅಂದರೆ ಗೋಡೆಗೆ ತಗುಲಿಸುವ ಒಂದು ಪೆಟ್ಟಿಗೆ, ಮೋಟಾರಿಗೆ ಹೋಗುವ ಕರೆಂಟನ್ನು ಹದ ಮಾಡಿ ಅದರ ವೇಗವನ್ನು ಹಿಡಿತದಲ್ಲಿಡುವಂಥದು. ಗಿರಾಕಿ ಫೋನ್ ಮಾಡಿ, ಅಂಗಡಿಯಲ್ಲಿ ಒಂಬತ್ತನೇ ನಂಬರಿನ ಚಪ್ಪಲಿ ಕೇಳಿದ ಹಾಗೆ, ಹದಿನೈದು ಹಾರ್ಸ್‌ಪವರಿನದು ಒಂದು ಕೊಡಿ ಅನ್ನುತ್ತಾನೆ. ಕೊಡಕೂಡದು. ಮೋಟಾರು ಎಳೆಯುವುದು ಏನನ್ನು, ಫ್ಯಾನನ್ನೋ ಬೆಲ್ಟನ್ನೋ? ಗಂಟೆಗೆ ಎಷ್ಟು ಸಲ ನಿಂತು ಹೊರಡುತ್ತದೆ? ಹೊರಡುವಾಗ ಮೇಲೆ ಭಾರ ಇರುತ್ತದೋ ಇಲ್ಲವೋ? ಮೋಟಾರಿನ ಮೈಮೇಲಿನ ತಗಡಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ, ಫೋಟೋ ಕಳಿಸಿ. ನೀರು ಸಿಡಿಯುತ್ತದೆಯೇ, ಧೂಳೇ, ಕೇಬಲ್ ಎಷ್ಟು ಉದ್ದ? ಗಿರಾಕಿ ಹೇಳುವುದರಲ್ಲಿ ಅರ್ಧ ಸುಳ್ಳು, ಇನ್ನರ್ಧ ಅವನಿಗೇ ಗೊತ್ತಿಲ್ಲದ್ದು. ಫ್ಯಾನು ಹಗುರವಾಗಿ ಹೊರಟು ಆಮೇಲೆ ಭಾರ ಕೇಳುತ್ತದೆ. ತುಂಬಿದ ಬೆಲ್ಟು ಹಾಗಲ್ಲ, ಮನೆ ಬದಲಿಸುವಾಗ ಫ್ರಿಜ್ ತಳ್ಳಿದವರಿಗೆ ಗೊತ್ತಿರುತ್ತದೆ, ಸೊಂಟ ಹಿಡಿಯುವುದು ಮೊದಲ ನೂಕಿಗೇ. ಅದಕ್ಕೇ ಅದೇ ಹದಿನೈದು ಹಾರ್ಸ್‌ಪವರಿಗೆ ನಾರ್ಮಲ್ ಡ್ಯೂಟಿ ಎಂದೊಂದು, ಹೆವಿ ಡ್ಯೂಟಿ ಎಂದೊಂದು. ಎರಡನೆಯದು ಆ ಮೊದಲ ನೂಕನ್ನು ತಡೆದುಕೊಳ್ಳುತ್ತದೆ, ಮೊದಲನೆಯದು ಕೈಯೆತ್ತಿ ನಿಂತುಬಿಡುತ್ತದೆ. ಇಷ್ಟನ್ನೂ ಕೇಳಿ ಕೇಳಿ ಅವನ ಮನೆಯ ಮಾತುಕತೆಯೂ ಕೆಟ್ಟಿತ್ತು. ಹಾಲು ಯಾವತ್ತಿನದು, ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು. ಹೆಂಡತಿ ಹರಿಣಿ ಬೆಳಗ್ಗೆ ಚಪಾತಿ ಕಟ್ಟಿಕೊಡುತ್ತ, "ದೇವ್ರೇ ಬಂದು ಪ್ರಸಾದ ಕೊಟ್ರೂ ಎಕ್ಸ್‌ಪೈರಿ ಡೇಟ್ ನೋಡೋ ಜನ ನೀವು," ಅಂದಿದ್ದಳು. ಅದರಲ್ಲೂ ಏನೋ ಚುಚ್ಚುಮಾತಿದೆಯೆಂದು ಅವನು ಗ್ಯಾರೇಜಿನವರೆಗೆ ಯೋಚಿಸಿದ್ದ.

"ಸರ್, ನೀವು ಲೆಫ್ಟ್ ಲೇನ್‌ಗೆ ಹೋಗ್ಬೇಕಲ್ವಾ?" ನಮ್ರತಾ ಕೇಳಿದಳು. ಬೇಡ ಅಂದ. ಅಂಥ ಅನುಮಾನದ ಮನುಷ್ಯ ಈ ಒಂದು ಬೆಲ್ಟಿನ ವಿಷಯದಲ್ಲಿ ಕೇಳಬೇಕಾದ್ದನ್ನು ಕೇಳಿರಲಿಲ್ಲ. ಕಳೆದ ವರ್ಷ, ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಬರ ಬಂದು ಡ್ರೈವುಗಳೇ ಸಿಗದ ಕಾಲ ಅದು. ಗೆಣಸು ತೊಳೆದು ಪ್ಯಾಕ್ ಮಾಡುವ ಈ ಪ್ಲಾಂಟಿನವರು ನೀರಿನ ತೊಟ್ಟಿಯಿಂದ ಗೆಣಸನ್ನು ಮೇಲಕ್ಕೆ ಎಳೆಯುವ ಬೆಲ್ಟಿಗೆ ಡ್ರೈವ್ ಕೇಳಿದ್ದರು. ಹೆವಿ ಡ್ಯೂಟಿಯದಾದರೆ ವರ್ಷ ಕಾಯಬೇಕು. ನಾರ್ಮಲ್ ಡ್ಯೂಟಿಯದು ಒಂದು ಅಟ್ಲಾಂಟಾದ ಗೋಡೌನಿನಲ್ಲಿ ಬಿದ್ದಿತ್ತು. ಪಕ್ಕದ ಕ್ಯೂಬಿಕಲ್ಲಿನಿಂದ ನಮ್ರತಾ ಕತ್ತು ಚಾಚಿ, "ಸರ್, ಊಟಕ್ಕೆ ಬಿಟ್ಟಾಗ ಬೆಲ್ಟ್ ಖಾಲಿ ಮಾಡೇ ನಿಲ್ಲಿಸ್ತಾರಾ? ಕೇಳಿದ್ರಾ?" ಅಂದಿದ್ದಳು. ಆವತ್ತು ಸಂಜೆ ಮಾರಿಸ್‌ವಿಲ್ಲಿನ ಮೈದಾನದಲ್ಲಿ ಅವನ ಟೀಮಿನ ಮ್ಯಾಚಿತ್ತು, ಕೈಯಲ್ಲಿ ಆಗಲೇ ಕಾರಿನ ಕೀ. "ಖಾಲಿ ಮಾಡ್ತಾರೆ. ನಾರ್ಮಲ್ ಡ್ಯೂಟಿ ಸಾಕು, ಕೊಟೇಶನ್ ಕಳಿಸ್ಬಿಡಿ," ಎಂದು ಹೊರಟಿದ್ದ. ಅವಳು ಕಳಿಸಿದಳು, ಅವಳ ಹೆಸರಿನಲ್ಲಿ. ಅವನು ಆ ಸಂಜೆ ಆರು ರನ್ನಿಗೆ ಔಟಾದ. ಈಗ ಕೊಯ್ಲು ಶುರುವಾದಾಗಿನಿಂದ ಡ್ರೈವ್ ದಿನವೂ ನಿಂತುಹೋಗುತ್ತಿದೆಯೆಂದು ದೂರು. ಆಯ್ಕೆ ತಪ್ಪು ಅಂತ ಬಂದರೆ ಯಾರ ತಲೆಗೆ ಬರುತ್ತದೆ? ಕಾಗದದ ಮೇಲೆ ಅವಳದು. ಆದರೆ ಅವಳಿಗೆ ಬಾಯಿದೆಯಲ್ಲ. ಆ ಬಾಯಿ ಮೊನ್ನೆ ಕಿಟಕಿಯ ಹತ್ತಿರ ಕೃಷ್ಣಪ್ರಸಾದರಿಗೆ ಏನು ಹೇಳಿತು?

"ಸರ್, ಒಂದ್ ವಿಷ್ಯ ಹೇಳ್ಲಾ?" ಅವಳೇ ಶುರುಮಾಡಿದಳು. ಸ್ಟಿಯರಿಂಗ್ ಹಿಡಿದೇ ಅವನು, ಹೇಳಿ ಅಂದ. "ನನ್ನ ಹೆಚ್-ಒನ್ ವೀಸಾ ಆರು ವರ್ಷ ಮುಗೀತಾ ಬಂತು. ಗ್ರೀನ್ ಕಾರ್ಡ್‌ಗೆ ಈ ವರ್ಷದೊಳಗೆ ಕಂಪನಿ ಅಪ್ಲೈ ಮಾಡ್ಲಿಲ್ಲ ಅಂದ್ರೆ ದೇಶ ಬಿಟ್ಟು ಹೊರಡ್ಬೇಕಾಗತ್ತೆ. ಕೆಪಿ ಸರ್ ಸೋಮವಾರ ಹೇಳ್ತೀನಿ ಅಂದಿದಾರೆ. ಮಗಳು ಈಗಷ್ಟೇ ಕಿಂಡರ್‌ಗಾರ್ಟನ್ ಸೇರಿದಾಳೆ, ಏಪೆಕ್ಸ್‌ನಲ್ಲಿ. ರಾತ್ರಿ ನಿದ್ದೇನೇ ಬರಲ್ಲ ಸರ್."

"ಆಗತ್ತೆ ಬಿಡಿ," ಅಂದ ಅವನು. ಪಾಪ ಅನ್ನಿಸಿತು. ಪಾಪ ಅನ್ನಿಸಿದ ಬೆನ್ನಿಗೇ, ಇದನ್ನು ಇವತ್ತೇ ಯಾಕೆ ಹೇಳಿದಳು ಎಂಬುದು ಎದ್ದು ಕೂತಿತು. ಸೋಮವಾರ ಇವಳ ಹಣೆಬರಹ ನಿರ್ಧಾರವಾಗುವುದಾದರೆ, ಇವತ್ತು ಶುಕ್ರವಾರ ತಪ್ಪು ಇವಳ ಮೇಲೆ ಬರುವಂತಿಲ್ಲ. ಬರುವಂತಿಲ್ಲ ಅಂದಮೇಲೆ ಇನ್ನಾರ ಮೇಲೆ ಬರಬೇಕು? ಲೆಕ್ಕ ಸ್ಪಷ್ಟವಾಗಿತ್ತು. ಶಾರ್ಲೆಟ್‌ನ ಹಳೆಯ ಕಂಪನಿಯಲ್ಲಿ ಸೌರಭ್ ಎಂಬ ಹುಡುಗನಿಗೆ ಅವನು ಎಲ್ಲವನ್ನೂ ಕಲಿಸಿದ್ದ, ಆಂಪಿಯರ್ ಓದುವುದರಿಂದ ಹಿಡಿದು ಗಿರಾಕಿಯ ಮುಂದೆ ಯಾವಾಗ ಸುಮ್ಮನಿರಬೇಕು ಎನ್ನುವವರೆಗೆ. ಇಪ್ಪತ್ತರ ಕೋವಿಡ್ ಬೇಸಿಗೆಯಲ್ಲಿ, ಇಬ್ಬರಲ್ಲಿ ಒಬ್ಬರು ಸಾಕು ಎಂದಾಗ, ಉಳಿದದ್ದು ಸೌರಭ್. ಇವನು ಡಬ್ಬದಲ್ಲಿ ಸಾಮಾನು ತುಂಬಿಕೊಂಡು ಹೊರಡುವಾಗ ಮಾಸ್ಕಿನ ಮೇಲಿನ ಸೌರಭನ ಎರಡು ಕಣ್ಣು, "ಎಲ್ಲಾ ನಿಮ್ಮಿಂದಾನೇ ಕಲ್ತಿದ್ದು ಸರ್," ಅಂದಿದ್ದವು. ಆ ಕಣ್ಣು ನಗುತ್ತಿದ್ದವೋ ಅಳುತ್ತಿದ್ದವೋ ಮಾಸ್ಕಿನಿಂದಾಗಿ ಗೊತ್ತಾಗಲಿಲ್ಲ. ನಗುತ್ತಿದ್ದವು ಎಂದು ಅವನು ತೀರ್ಮಾನ ಮಾಡಿಕೊಂಡು ಮೂರು ವರ್ಷವಾಗಿತ್ತು. ಪಕ್ಕದಲ್ಲಿ ನಮ್ರತಾ ಫೋನನ್ನೆತ್ತಿ ಏನೋ ಟೈಪ್ ಮಾಡಿ ಮತ್ತೆ ಮಗುಚಿಟ್ಟಳು. ಎರಡು ಕಡೆಯೂ ಗೆಣಸಿನ ಹೊಲಗಳು, ಕಿತ್ತ ಮಣ್ಣು, ಟ್ರಕ್ಕುಗಳ ಮೇಲೆ ಪೇರಿಸಿದ ಮರದ ಪೆಟ್ಟಿಗೆಗಳು.

ಪ್ಲಾಂಟಿನೊಳಗೆ ಒದ್ದೆ ಮಣ್ಣಿನ ವಾಸನೆ ಗಂಟಲಿಗೆ ಇಳಿಯುವಷ್ಟು ದಟ್ಟವಾಗಿತ್ತು. ಮ್ಯಾನೇಜರ್ ಡ್ವೇನ್, ಕೆಂಪು ಕತ್ತಿನ ದೊಡ್ಡ ಆಳು, ಇಬ್ಬರಿಗೂ ಕೂದಲು ಉದುರದಂತೆ ಹಾಕುವ ಬಲೆಟೋಪಿ ಕೊಟ್ಟ. ಶಶಿಕಾಂತನ ತಲೆಗೆ ಅದು ಚಿಕ್ಕದಾಗಿ ಕಿವಿಯ ಮೇಲೆ ನಿಂತಿತು. ಸಾಲಿನಲ್ಲಿ ಗೆಣಸು ಆರಿಸುತ್ತಿದ್ದ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದು ಇಬ್ಬರೂ ನಕ್ಕರು. ತನ್ನನ್ನೇ ನೋಡಿ ನಕ್ಕಿದ್ದು ಎಂದು ಅವನಿಗೆ ಖಾತ್ರಿಯಾಯಿತು. ಡ್ವೇನ್ ಮಾತೇ ಆಡದೆ ಸ್ಟಾರ್ಟ್ ಒತ್ತಿದ. ಗೆಣಸು ಹೇರಿಕೊಂಡು ನಿಂತಿದ್ದ ಬೆಲ್ಟು ಒಮ್ಮೆ ಮೈ ನಡುಗಿಸಿ ಗೇಣುದ್ದ ಮುಂದೆ ಜಗ್ಗಿತು, ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು, ಎಲ್ಲ ನಿಂತಿತು. ಊಟದ ಬಿಡುವು ಆದಮೇಲೆ ಪ್ರತಿದಿನ ಇದೇ ಕಥೆ ಅಂದ ಡ್ವೇನ್. ಶಶಿಕಾಂತ ಬೆಲ್ಟಿನ ಮೇಲೆ ನಿಂತ ಗೆಣಸಿನ ರಾಶಿಯನ್ನು ನೋಡಿದ. ತುಂಬಿದ ಬೆಲ್ಟನ್ನೇ ನಿಲ್ಲಿಸುತ್ತಾರೆ. ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಕೇಳಿದ್ದೀರಾ ಅಂತ ಇವಳು ಕೇಳಿದ್ದಳು, ಮತ್ತು ಅದು ಇವಳಿಗೆ ನೆನಪಿದೆ.

ನಮ್ರತಾ ಮೋಟಾರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಬೆಲ್ಟಿನ ಅಡಿಯನ್ನು ನೋಡುತ್ತಿದ್ದವಳು ಎದ್ದು ಬಂದಳು. "ಸರ್, ಒಂದ್ನಿಮಿಷ ಈ ಕಡೆ ಬನ್ನಿ. ನಿಮ್ಮತ್ರ ಮಾತ್ರ ಹೇಳ್ಬೇಕು," ಎಂದು ಕನ್ನಡದಲ್ಲಿ ಮೆಲ್ಲಗೆ ಅಂದಳು.

"ಇಲ್ಲೇ ಹೇಳಿ," ಅಂದ ಅವನು.

"ಇಲ್ಲಿ ಬೇಡ ಸರ್."

ಇಲ್ಲಿ ಬೇಡವಂತೆ! ಪಕ್ಕಕ್ಕೆ ಕರೆದು, ಒಪ್ಪಿಕೊಳ್ಳಿ ಸರ್ ಅಂತ ಹಲ್ಲು ಗಿಂಜುವುದು, ಒಪ್ಪದಿದ್ದರೆ ಆ ಫೋನನ್ನು ತಿರುಗಿಸಿ ತೋರಿಸುವುದು. ಗೊತ್ತಿಲ್ಲವೇ ಈ ಆಟ? ಅವನು ಕದಲಲಿಲ್ಲ. ಡ್ವೇನ್ ಇಬ್ಬರ ಮುಖವನ್ನೂ ಒಂದಾದಮೇಲೊಂದು ನೋಡಿದ. ಆಗ ನಮ್ರತಾ ಉಸಿರೆಳೆದುಕೊಂಡು ಡ್ವೇನ್ ಕಡೆಗೇ ತಿರುಗಿ, ಈ ಡ್ರೈವಿನ ಆಯ್ಕೆಯ ಬಗ್ಗೆ ಒಂದು ಮಾತು ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ಮುಂದಿನ ಮಾತು ಅವಳ ಬಾಯಿಂದ ಬರುವ ಮೊದಲೇ ಶಶಿಕಾಂತನ ನಾಲಿಗೆ ಓಡಿತು. ಆಯ್ಕೆ ನಮ್ರತಾಳದ್ದು ಅಂದ. ಆಗ ಆಕೆ ಹೊಸಬಳು, ಹಾರ್ಸ್‌ಪವರ್ ಮಾತ್ರ ನೋಡಿದ್ದಾಳೆ, ಹೊಸಬರು ಹಾಗೆ ಮಾಡುವುದುಂಟು, ಹಿರಿಯನಾಗಿ ನಾನು ಇನ್ನಷ್ಟು ಗಮನ ಕೊಡಬೇಕಿತ್ತು, ಆ ಮಟ್ಟಿಗೆ ತಪ್ಪು ನನ್ನದೂ ಹೌದು ಅಂದ. ಕೊನೆಯ ಮಾತು ಎಷ್ಟು ಹದವಾಗಿ ಬಂತೆಂದರೆ, ಆಡುವಾಗಲೇ ಅವನಿಗೆ ತನ್ನ ದೊಡ್ಡತನದ ಬಗ್ಗೆ ಕೊಂಚ ಹೆಮ್ಮೆಯೂ ಆಯಿತು. ನಮ್ರತಾ ಬಾಯಿ ತೆರೆದವಳು ಹಾಗೇ ನಿಂತಿದ್ದಳು. ಬಲೆಟೋಪಿಯೊಳಗೆ ಅವಳ ಮುಖ ತೀರಾ ಚಿಕ್ಕದಾಗಿ ಕಂಡಿತು.

ಡ್ವೇನ್ ಕತ್ತು ಕೆರೆದುಕೊಂಡ. ಯಾರ ತಪ್ಪು ಅಂತ ಯಾರು ಕೇಳಿದರು ಅನ್ನುವ ಹಾಗೆ ನೋಡಿದ. ಕಳೆದ ಚಳಿಗಾಲದಲ್ಲಿ ತಾವೇ ಈ ಬೆಲ್ಟನ್ನು ಬದಲಿಸಿದ್ದೇವೆ, ಮೊದಲಿಗಿಂತ ಉದ್ದ, ಏರೂ ಜಾಸ್ತಿ, ಈಗ ಹೇರುವ ಗೆಣಸು ಹೆಚ್ಚುಕಡಿಮೆ ಎರಡರಷ್ಟು. ಪೆಟ್ಟಿಗೆ ಸಾಲದು ಎಂಬುದು ನನಗೂ ಕಾಣುತ್ತದೆ, ದೊಡ್ಡದು ಹಾಕಿಸೋಣ ಎಂದೇ ನಿಮ್ಮನ್ನು ಕರೆಸಿದ್ದು, ಜೊತೆಗೆ ಇನ್ನೆರಡು ಸಾಲಿಗೂ ಬೇಕು ಅಂದ. ಆಮೇಲೆ ನಮ್ರತಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಈ ಸಲದ್ದನ್ನು ಮಾತ್ರ ನೀನೇ ಕೂತು ಆರಿಸಪ್ಪ ಎಂದು ಶಶಿಕಾಂತನ ಭುಜ ತಟ್ಟಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದಿರಲೂ ಇಲ್ಲ, ಇವನು ಹೆಗಲು ಒರೆಸಿ, ಒರೆಸಿದ್ದನ್ನು ಪಕ್ಕದವಳ ಮೈಗೆ ಬಳಿದಾಗಿತ್ತು. ಇಲ್ಲ ಡ್ವೇನ್, ಹಾಗಲ್ಲ ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಆದರೆ ಡ್ವೇನ್ ಆಗಲೇ ಮುಂದಿನ ಸಾಲನ್ನು ತೋರಿಸಲು ಹೊರಟಿದ್ದ, ಇವನು ಹಿಂದೆ ಹೋದ, ಆಂಪಿಯರ್ ಬರೆದುಕೊಂಡ, ಎಷ್ಟು ಸಲ ನಿಲ್ಲಿಸುತ್ತೀರಿ, ತುಂಬಿದಾಗಲೇ ನಿಲ್ಲಿಸುತ್ತೀರಾ ಎಂದು ಕೇಳಬೇಕಾದ್ದನ್ನೆಲ್ಲ ಇಂದು ಚಾಚೂ ತಪ್ಪದೆ ಕೇಳಿದ. ನಮ್ರತಾ ಹಿಂದೆ ಬರಲಿಲ್ಲ.

ಅವಳು ಕಾರಿನ ಹತ್ತಿರ ಬಿಸಿಲಲ್ಲಿ ನಿಂತಿದ್ದಳು. ಕಾರು ಹೈವೇ ಸೇರಿತು. ಕೊನೆಗೆ ಅವನೇ ಕೇಳಿದ, "ಅಲ್ಲಿ ಏನು ಹೇಳೋಕೆ ಹೊರಟಿದ್ರಿ?"

"ಬೆಲ್ಟ್ ಹಳೇದಲ್ಲ ಅಂತ," ಅಂದಳು ಅವಳು, ರಸ್ತೆ ನೋಡುತ್ತ. "ಬೆಲ್ಟ್ ಹೊಸದು ಸರ್, ಗೇರ್‌ಬಾಕ್ಸೂ ಬೇರೆ. ಲೋಡೇ ಬದಲಾಗಿದೆ ಅಂದ್ಮೇಲೆ ನಮ್ಮ ಹಳೇ ಸೆಲೆಕ್ಷನ್ ತಪ್ಪು ಅಂತ ಯಾರೂ ಅನ್ನೋ ಹಾಗಿಲ್ಲ. ಮೊದ್ಲು ನಿಮ್ಗೆ ಹೇಳೋಣ, ನೀವೇ ಅವ್ರಿಗೆ ಹೇಳಿ, ಸೀನಿಯರ್ ಅಲ್ವಾ ಅಂತ ಕರೆದೆ. ನೀವು ಬರ್ಲಿಲ್ಲ."

ಅವನ ಕಣ್ಣೆದುರಿನ ರಸ್ತೆ ಒಂದು ಕ್ಷಣ ಎಲ್ಲಿಗೆ ಹೋಗುತ್ತದೆಂದೇ ತಿಳಿಯದಂತಾಯಿತು. ನಾಚಿಕೆಯಾಯಿತು. ಮೈಮೇಲಿನ ಅಂಗಿಯನ್ನು ಯಾರೋ ಜನರ ನಡುವೆ ಎಳೆದುಕೊಂಡ ಹಾಗಿತ್ತು. ಆದರೂ ಆ ನಾಚಿಕೆಯ ಒಂದು ಮೂಲೆಯಿಂದ, ಇದನ್ನು ಇವಳು ಈಗ ಹೊಂದಿಸಿ ಹೇಳುತ್ತಿರಬಹುದಲ್ಲ ಎಂದು ಒಂದು ದನಿ ಎದ್ದಿತು. ಅದನ್ನು ಅದುಮಿದ. ಮತ್ತೆ ಎದ್ದಿತು. ಗೇರ್‌ಬಾಕ್ಸಿನ ಹೊಸ ಬಣ್ಣವನ್ನು ಅವನೂ ನೋಡಿದ್ದ. ನೋಡಿದ್ದು ತಲೆಗೆ ಹೋಗಿರಲಿಲ್ಲ, ಅವನು ಅವಳ ಫೋನನ್ನು ಕಾಯುತ್ತಿದ್ದ. "ಸಾರಿ ನಮ್ರತಾ," ಅನ್ನಬೇಕೆಂದು ಬಾಯಿ ತೆರೆಯುವುದಕ್ಕೂ ಕಾರಿನ ಪರದೆಯ ಮೇಲೆ ಕೃಷ್ಣಪ್ರಸಾದರ ಹೆಸರು ಹೊಳೆಯುವುದಕ್ಕೂ ಸರಿಹೋಯಿತು. ಒತ್ತಿದ. ದನಿ ಕಾರಿನ ನಾಲ್ಕೂ ಮೂಲೆಯಿಂದ ಬಂತು.

"ಗೆದ್ದೆ ಕಣಯ್ಯ! ಡ್ವೇನ್ ಈಗ ಫೋನ್ ಮಾಡಿದ್ದ. ಮೂರೂ ಡ್ರೈವ್ ನಮ್ಮತ್ರಾನೇ ತಗೋತಾನಂತೆ. ಆದ್ರೆ ಆ ಹುಡುಗಿ ಮಾತ್ರ ಬೇಡ ಅಂದ. ತಪ್ಪು ಸೆಲೆಕ್ಷನ್ ಅವಳದು ಅಂತ ನೀನೇ ಹೇಳಿದ್ಯಂತೆ?"

ನಮ್ರತಾ ಕದಲಲಿಲ್ಲ. ಪರದೆಯ ಮೇಲೆ ಕರೆಯನ್ನು ಫೋನಿಗೆ ಹಾಕುವ ಬಟನ್ ಇತ್ತು, ಅವನ ಬೆರಳು ಅದರವರೆಗೆ ಹೋಗಿ ನಿಂತಿತು.

"ಸೋಮವಾರ ಅವಳ ಗ್ರೀನ್ ಕಾರ್ಡ್ ಬಗ್ಗೆ ಲಾಯರ್‌ಗೆ ಹೇಳ್ಬೇಕು ಅಂತಿದ್ದೆ," ಕೃಷ್ಣಪ್ರಸಾದರು ಮುಂದುವರಿಸಿದರು. "ಗಿರಾಕಿನೇ ಬೇಡ ಅಂದ್ಮೇಲೆ ಹೆಂಗಯ್ಯ ಖರ್ಚು ಮಾಡೋದು? ಕೈ ಬಿಡೋಣ ಅಂತೀನಿ. ಏನಂತೀಯ?"

ಹೇಳಿದ. ಹೇಗೆ ಬಂತೋ ಗೊತ್ತಿಲ್ಲ, ಆದರೂ ಹೇಳಿದ. "ಸರ್, ಅದು ನನ್ನ ಸೆಲೆಕ್ಷನ್. ಬೆಲ್ಟ್ ಖಾಲಿ ಮಾಡ್ತಾರಾ ಅಂತ ಅವ್ರು ಕೇಳಿದ್ರು, ನಾನೇ ಸಾಕು ಕಳಿಸಿ ಅಂದೆ. ತಪ್ಪು ನಂದು."

ಆ ಕಡೆ ಕೃಷ್ಣಪ್ರಸಾದರು ಗಟ್ಟಿಯಾಗಿ ನಕ್ಕರು. "ಸುಮ್ನಿರಯ್ಯ! ಹುಡುಗೀನ ಉಳಿಸೋಕೆ ಹೇಳ್ತಿದೀಯ. ನಿನ್ನ ಬುದ್ಧಿ ನಂಗೊತ್ತಿಲ್ವಾ? ಹತ್ತು ಪ್ರಶ್ನೆ ಕೇಳ್ದೆ ಒಂದು ಫ್ಯೂಸೂ ಮಾರೋನಲ್ಲ ನೀನು. ನೀನು ಕೇಳ್ದೆ ಕೊಡ್ತೀಯ ಅಂದ್ರೆ ನಾನು ನಂಬ್ಬೇಕಾ? ಮೊನ್ನೆ ಅವಳೇ ಫೋನ್ ಮಾಡಿ, ಶಶಿ ಸರ್ ಒಬ್ರೇ ಹೋದ್ರೆ ಬೈಗುಳ ಎಲ್ಲಾ ಅವ್ರೊಬ್ರ ಮೇಲೇ ಬೀಳತ್ತೆ, ನಾನೂ ಹೋಗ್ತೀನಿ ಅಂದ್ಲು. ನಿಂಗೆ ಹೇಳ್ಬೇಡಿ ಅಂತ ಬೇರೆ. ಆವಾಗ್ಲೇ ನಂಗೆ ಡೌಟ್ ಬಂತು, ಇವಳಿಗ್ಯಾಕೆ ಇಷ್ಟು ಕಾಳಜಿ ಅಂತ. ಈಗ ಗೊತ್ತಾಯ್ತು. ತಪ್ಪು ತನ್ನದೇ ಅಂತ ಅವಳಿಗೆ ಗೊತ್ತಿತ್ತು."

"ಇಲ್ಲ ಸರ್, ನಿಜವಾಗ್ಲೂ..."

"ಒಳ್ಳೇತನಕ್ಕೂ ಒಂದು ಮಿತಿ ಇರ್ಬೇಕು ಕಣೋ. ಇನ್ನೊಂದು ಕಾಲ್ ಬರ್ತಿದೆ. ಸೋಮವಾರ ಸಿಗು."

ದನಿ ನಿಂತಿತು. ಶಶಿಕಾಂತನಿಗೆ ಅಳು ಬರಬೇಕಿತ್ತು. ಬಂದದ್ದು ನಿರಾಳ. ಹೇಳಿದ್ದೂ ಆಯಿತು, ಕಳೆದುಕೊಂಡದ್ದೂ ಇಲ್ಲ, ಮೇಲಾಗಿ ಒಳ್ಳೆಯವನೆಂಬ ಹೆಸರು. ಎದೆಯ ಮೇಲಿಂದ ಕಲ್ಲೊಂದು ಇಳಿಯಿತು, ಅದು ಇಳಿದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು, ಹೇಸಿಗೆಯಾದರೂ ಉಸಿರು ಸರಾಗವಾಗಿ ಬರುತ್ತಲೇ ಇತ್ತು. ಅವನು ಪಕ್ಕಕ್ಕೆ ನೋಡಲಿಲ್ಲ. ನಮ್ರತಾ ಅಳುತ್ತಿರಬಹುದು ಅಂದುಕೊಂಡ. ಅವಳು ಅಳುತ್ತಿರಲಿಲ್ಲ.

"ಸರ್," ಅಂದಳು, ತೀರಾ ಸಮಾಧಾನದ ದನಿಯಲ್ಲಿ. "ಡ್ವೇನ್‌ಗೆ ಫೋನ್ ಮಾಡಿ. ನಿಮ್ಮದು ಅಂತ ಅವ್ರಿಗೆ ಹೇಳಿ. ಅವ್ರು ಹೇಳಿದ್ರೆ ಕೆಪಿ ಸರ್ ನಂಬ್ತಾರೆ."

ಅದು ಸರಿಯಾದ ದಾರಿ. ಎಷ್ಟು ಸರಿಯೆಂದರೆ, ಮೂರು ಡ್ರೈವುಗಳ ಆರ್ಡರು ಆ ಒಂದು ಫೋನಿಗೆ ಬಿದ್ದುಹೋಗಬಹುದು, ಕೃಷ್ಣಪ್ರಸಾದರು ನಗುವುದನ್ನು ನಿಲ್ಲಿಸಬಹುದು, ಆಫೀಸಿನ ಅಡುಗೆಮನೆಯ ಕಿಟಕಿಯ ಹತ್ತಿರ ಅವನ ಹೆಸರಿನ ಡಬ್ಬವೊಂದು ಸಾಮಾನು ತುಂಬಿಕೊಂಡು ಕೂರಬಹುದು.

"ಮಾಡ್ತೀನಿ," ಅಂದ.

"ಈಗ್ಲೇ ಮಾಡಿ ಸರ್."

"ಇಲ್ಲಿ ಸಿಗ್ನಲ್ ಸರಿಯಿಲ್ಲ ನಮ್ರತಾ," ಅಂದ ಶಶಿಕಾಂತ. "ಮನೆಗೆ ಹೋಗಿ ಮಾಡ್ತೀನಿ."

ಅವಳು ಮೊದಲು ಸಿಗ್ನಲ್ ಪೂರ್ತಿ ತೋರಿಸುತ್ತಿದ್ದ ಕಾರಿನ ಪರದೆಯನ್ನು, ಆಮೇಲೆ ಅವನನ್ನು ನೋಡಿದಳು. ಕಿಟಕಿಯ ಕಡೆ ತಿರುಗಿ ಕೂತಳು, ಏಪೆಕ್ಸ್‌ನಲ್ಲಿ ಮನೆಯ ಮುಂದೆ ಇಳಿಯುವವರೆಗೂ ಹಾಗೇ ಇದ್ದಳು.